ಎರಡು ಕಿಲೋ ಟೆಂಟು, ಅರ್ಧ ಕಿಲೋ ಟಾರ್ಪು: ಆಲ್ಗಾನ್ಕ್ವಿನ್ ತಯಾರಿ ಎಲ್ಲಿಗೆ ಬಂತು

ಮಾರ್ಚ್

ನಾನು, ಹೆಂಡತಿ ಹೋಗುವ ಕನೂ (ಹುಟ್ಟು ಹಾಕುವ ಹಗುರ ದೋಣಿ) ಪ್ರವಾಸಕ್ಕೆ ಜಾಗ ಬುಕ್ ಆಯಿತು. ಕೆನಡಾದ ಒಂಟಾರಿಯೊದಲ್ಲಿರುವ ಆಲ್ಗಾನ್ಕ್ವಿನ್ ಪಾರ್ಕಿನ ಒಳಕಾಡಿನ ಜಾಗಗಳನ್ನು ಐದು ತಿಂಗಳು ಮುಂಚಿನಿಂದ ಬುಕ್ ಮಾಡಬಹುದು. ಹಾಗಾಗಿ ಹೊರಗೆ ಇನ್ನೂ ಹಿಮ ಇರುವಾಗಲೇ ಆಗಸ್ಟಿನ ಲೆಕ್ಕಾಚಾರ. ಹೈವೇ 60ರ ಪಕ್ಕದ ಸ್ಮೋಕ್ ಲೇಕ್‌ನಲ್ಲಿ ಕನೂ ಇಳಿಸುತ್ತೇವೆ. 240 ಮೀಟರ್ ಪೋರ್ಟೇಜ್ (ಕನೂ, ಸಾಮಾನು ಹೊತ್ತು ನಡೆಯುವ ಕಾಲುದಾರಿ) ದಾಟಿದರೆ ರ‍್ಯಾಗೆಡ್ ಲೇಕ್. ಅಲ್ಲಿಂದ ಬಿಗ್ ಪೋರ್ಕ್ಯುಪೈನ್ ಲೇಕ್‌ಗೆ ಹೋಗುವ ಪೋರ್ಟೇಜ್ 590 ಮೀಟರ್, ಹೆಸರು ಡೆವಿಲ್ಸ್ ಸ್ಟೇರ್‌ಕೇಸ್. ದೆವ್ವದ ಮೆಟ್ಟಿಲು, ಸುಮ್ನೆ ಇಟ್ಟ ಹೆಸರಲ್ಲ.

ಕನೂ ಪ್ರವಾಸದಲ್ಲಿ ತೂಕದ ಚಿಂತೆ ಬೇಡ, ನೀರೇ ಹೊರುತ್ತದೆ ಅನ್ನುವವರಿದ್ದಾರೆ. ಕೆರೆಯ ಮೇಲೆ ಇರುವಷ್ಟು ಹೊತ್ತು ಅದು ನಿಜ. ಪೋರ್ಟೇಜಿನಲ್ಲಿ ಕನೂ ತಲೆ ಮೇಲೆ, ಸಾಮಾನು ಬೆನ್ನ ಮೇಲೆ. ಬಾಡಿಗೆಯ ಕೆವ್ಲಾರ್ (ಹಗುರವಾದ ಗಟ್ಟಿ ನಾರು) ಕನೂ ಒಂದೇ ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಎಲ್ಲವನ್ನೂ ಒಂದೇ ಸಲ ಹೊತ್ತರೆ 590 ಮೀಟರ್. ಒಂದು ಚೀಲ ಉಳಿದರೂ ವಾಪಸ್ ಬಂದು ಮತ್ತೆ ಹೋಗಬೇಕು, ಅಂದರೆ ಸುಮಾರು 1.8 ಕಿಲೋಮೀಟರ್ ನಡಿಗೆ. ಹಾಗಾಗಿ ನನಗೆ ಟೆಂಟು ಎಷ್ಟು ಗ್ರಾಂ ಅನ್ನುವುದಕ್ಕಿಂತ ಅದು ಇಬ್ಬರ ಎರಡು ಚೀಲದೊಳಗೆ ಹಿಡಿಸುತ್ತದಾ ಅನ್ನುವುದು ಮುಖ್ಯ.

ಮನೆಯಲ್ಲಿರುವ ಗುಮ್ಮಟದ ಟೆಂಟು ಇಲ್ಲೇ ಸೋಲುತ್ತದೆ. ಕಾರು ಪಕ್ಕದಲ್ಲೇ ಇರುವ ಕ್ಯಾಂಪಿಂಗ್‌ಗೆ ಬಂಗಾರದಂಥ ಟೆಂಟು. ಆದರೆ ಆರು ಕಿಲೋ, ಮೇಲಾಗಿ ಫೈಬರ್‌ಗ್ಲಾಸ್ ಕಡ್ಡಿಗಳು ಮಡಿಸಿದರೂ ಮೊಳಕ್ಕಿಂತ ಉದ್ದ. ಯಾವ ಚೀಲಕ್ಕೆ ತುರುಕಿದರೂ ತಲೆ ಹೊರಗೆ.

ಗುರಿ: ಟೆಂಟು, ಟಾರ್ಪು (ಸೂರಿನಂತೆ ಮೇಲೆ ಕಟ್ಟುವ ಟಾರ್ಪಾಲು), ಹಗ್ಗ ಎಲ್ಲ ಸೇರಿ ಮೂರೂವರೆ ಕಿಲೋ ಒಳಗೆ, 300 ಕೆನಡಾ ಡಾಲರ್ ಒಳಗೆ.

ಏಪ್ರಿಲ್

ಮೊದಲು ಕಣ್ಣು ಹೋಗಿದ್ದು ಹ್ಯಾಮಕ್ ಕಡೆ, ಅಂದರೆ ಎರಡು ಮರದ ನಡುವೆ ಕಟ್ಟುವ ತೂಗುಹಾಸಿಗೆ. ನೆಲ ಸಮ ಇರಬೇಕಾಗಿಲ್ಲ, ಮರಗಳಿಗಂತೂ ಬರವಿಲ್ಲ. ಅಡ್ಡಡ್ಡ ಓರೆಯಾಗಿ ಮಲಗಿದರೆ ಬೆನ್ನೂ ಬಾಗುವುದಿಲ್ಲ. ಆದರೆ ಇಬ್ಬರಿಗೆ ಎಲ್ಲವೂ ಎರಡೆರಡು ಬೇಕು: ಹ್ಯಾಮಕ್, ಸೊಳ್ಳೆಪರದೆ, ಟಾರ್ಪು, ಮರದ ತೊಗಟೆ ಕೆಡದಂಥ ಅಗಲವಾದ ಪಟ್ಟಿ. ಇದಲ್ಲದೆ ಇನ್ನೊಂದು ಖರ್ಚಿದೆ. ಆಗಸ್ಟಿನಲ್ಲೂ ಅಲ್ಲಿ ರಾತ್ರಿ ಹತ್ತು ಡಿಗ್ರಿಗೆ ಇಳಿಯಬಹುದು. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ಚಪ್ಪಟೆಯಾಗುತ್ತದೆ, ಕೆಳಗೆ ಗಾಳಿ ಆಡುತ್ತದೆ, ಬೆನ್ನು ಕೊರೆಯುತ್ತದೆ. ಅದಕ್ಕೆ ಹೊರಗಿನಿಂದ ತೂಗುಹಾಕುವ ಅಂಡರ್‌ಕ್ವಿಲ್ಟ್ ಬೇಕು, ಅದೂ ಎರಡು. ಒಬ್ಬರೇ ಹೋಗುವವರಿಗೆ ಹ್ಯಾಮಕ್ ಒಳ್ಳೆಯದೇ, ಜೋಡಿಗೆ ಅಗ್ಗವಲ್ಲ. ನನ್ನ ಹೆಂಡತಿ ‘ನೀನು ಬೇಕಾದರೆ ನೇತಾಡು’ ಅಂದಿದ್ದೂ ಲೆಕ್ಕಕ್ಕೆ ಬಂತು ಅನ್ನಿ.

ಆಮೇಲೆ ಟ್ರೆಕಿಂಗ್ ಪೋಲ್ ಟೆಂಟು. ಲಾನ್‌ಶಾನ್ 2 ಥರದವು ಒಂದು ಕಿಲೋ ಚಿಲ್ಲರೆ ತೂಕಕ್ಕೇ ಸಿಗುತ್ತವೆ, ಬೆಲೆಯೂ ಕೈಗೆಟಕುವಂಥದ್ದು. ಕಡ್ಡಿ ಇಲ್ಲ, ಊರುಗೋಲೇ ಕಂಬ. ನಮ್ಮ ಹತ್ತಿರ ಹುಟ್ಟು ಹೇಗೂ ಇರುತ್ತದಲ್ವಾ, ಅದನ್ನೇ ನಿಲ್ಲಿಸಬಹುದು ಅಂತ ಖುಷಿಯಾಯಿತು. ಅಡ್ಡಿಯಾಗಿದ್ದು ಅಲ್ಲಿನ ನೆಲ. ಆಲ್ಗಾನ್ಕ್ವಿನ್ ಇರುವುದು ಕೆನಡಿಯನ್ ಶೀಲ್ಡ್ ಎಂಬ ಹಳೆಯ ಬಂಡೆಯ ಮೇಲೆ. ಎಷ್ಟೋ ಕ್ಯಾಂಪ್ ಜಾಗಗಳಲ್ಲಿ ಪೈನ್ ಮರದ ಒಣ ಸೂಜಿಯೆಲೆ, ಅದರಡಿ ನಾಲ್ಕು ಬೆರಳು ಮಣ್ಣು, ಅದರಡಿ ಗಟ್ಟಿ ಕಲ್ಲು. ಗೂಟ ಎರಡು ಇಂಚು ಇಳಿದು ಠಣ್ ಅನ್ನುತ್ತದೆ. ಗೂಟವೇ ಜೀವಾಳವಾದ ಟೆಂಟಿಗೆ ಇದು ಆಗಿಬರುವ ನೆಲವಲ್ಲ. ಹಗ್ಗದ ಕುಣಿಕೆಗೆ ಕಡ್ಡಿ ಸಿಕ್ಕಿಸಿ, ಅದರ ಮುಂದೆ ದೊಡ್ಡ ಕಲ್ಲು ಹೇರಿ ನಿಲ್ಲಿಸುವ ಉಪಾಯ ಇದೆ, ಕೆಲಸವೂ ಮಾಡುತ್ತದೆ. ಆದರೆ ಕತ್ತಲಾಗುವ ಹೊತ್ತಿಗೆ, ಮಳೆಯಲ್ಲಿ, ಪ್ರತಿ ಮೂಲೆಗೂ ಕಲ್ಲು ಹುಡುಕುತ್ತಾ ಓಡಾಡುವ ಆಸೆ ನನಗಿಲ್ಲ.

ಹಾಗಾಗಿ ತಾನೇ ನಿಲ್ಲುವ ಟೆಂಟೇ ಬೇಕು. ಎರಡು ಕಡ್ಡಿ ಗುಣಾಕಾರ ಚಿಹ್ನೆಯ ಹಾಗೆ ದಾಟುವಂಥದ್ದು. ನಿಲ್ಲಿಸಿ, ಎತ್ತಿ, ಬೇರು ಇಲ್ಲದ ಕಡೆ ಇಡಬಹುದು. ಒಂದು ಕಿಲೋ ಜಾಸ್ತಿ ತೂಗಲಿ ಬಿಡಿ.

ಮೇ

ಹೊಸದರ ಬೆಲೆ ನೋಡಿ ಸೆಕೆಂಡ್‌ಹ್ಯಾಂಡ್ ಕಡೆ ತಿರುಗಿದೆ. ಮಿಸ್ಸಿಸಾಗಾದಲ್ಲೇ ಒಬ್ಬರ ಗ್ಯಾರೇಜಿನಲ್ಲಿ ಇಬ್ಬರು ಮಲಗುವ, ಎರಡು ಬಾಗಿಲಿನ, ಅಲ್ಯೂಮಿನಿಯಂ ಕಡ್ಡಿಯ ಟೆಂಟು ಸಿಕ್ಕಿತು. ಕೊಂಡಿದ್ದು 130 ಡಾಲರಿಗೆ. ತೂಕ 2.3 ಕಿಲೋ.

ಹಳೆ ಟೆಂಟು ಕೊಳ್ಳುವಾಗ ಮೊದಲು ಮೂಗು ಉಪಯೋಗಿಸಿ. ಮಳೆ ತಡೆಯುವ ಮೇಲ್ಹೊದಿಕೆಯ ಒಳಮೈಗೆ ಹಚ್ಚಿರುವ ಪಾಲಿಯುರಿಥೇನ್ ಲೇಪ ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಕೊಳೆಯುತ್ತದೆ. ಹುಳಿ ವಾಸನೆ, ಮುಟ್ಟಿದರೆ ಅಂಟಂಟು. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ, ಅದು ಮತ್ತೆ ಸರಿಯಾಗುವುದಿಲ್ಲ. ಹೊಲಿಗೆ ಮೇಲಿನ ಟೇಪು ಎದ್ದಿದ್ದರೆ ಪರವಾಗಿಲ್ಲ, ಕಿತ್ತು ಹೊಸ ಸೀಲರ್ (ಹೊಲಿಗೆಯಲ್ಲಿ ನೀರು ತಡೆಯುವ ಅಂಟು) ಹಚ್ಚಬಹುದು. ನಮ್ಮದರಲ್ಲಿ ತಲೆಕಡೆ ಒಂದು ಗೇಣಿನಷ್ಟು ಎದ್ದಿತ್ತು. ಒಂದು ಬಾಗಿಲಿನ ಜಿಪ್ಪು ಎಳೆದರೆ ಹಿಂದೆ ಹಲ್ಲು ಬಿಚ್ಚಿಕೊಳ್ಳುತ್ತಿತ್ತು. ಜಿಪ್ಪಲ್ಲ, ಸವೆದಿದ್ದು ಅದರ ಓಡುಗುಂಡಿ, ಅಂದರೆ ಹಿಡಿದು ಎಳೆಯುವ ಸ್ಲೈಡರ್. ಇಕ್ಕಳದಿಂದ ಅದರ ಎರಡು ಬದಿ ಮೆಲ್ಲಗೆ ಅದುಮಿದೆ, ಹಲ್ಲು ಕಚ್ಚಿಕೊಂಡವು. ಮೆಲ್ಲಗೆ ಅಂದರೆ ಮೆಲ್ಲಗೇ. ಜೋರಾದರೆ ಅದು ಪಟ್ ಅಂತ ಮುರಿಯುತ್ತದೆ.

ಪರದೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಮೇ ಮಧ್ಯದಿಂದ ಜೂನ್‌ವರೆಗೆ ಅಲ್ಲಿ ಬ್ಲಾಕ್ ಫ್ಲೈ ಎಂಬ ಕಚ್ಚುವ ಸಣ್ಣ ನೊಣಗಳ ಕಾಟ. ಆಗಸ್ಟಿಗೆ ಅವು ಕಡಿಮೆ, ಆದರೆ ಮುಸ್ಸಂಜೆಗೆ ಸೊಳ್ಳೆ ಇದ್ದೇ ಇದೆ. ನೊಸೀಯಮ್ ಅನ್ನುವ ಕಣ್ಣಿಗೆ ಕಾಣದ ನುಸಿಗಳೂ ಉಂಟು, ಅವು ಸಾಧಾರಣ ಪರದೆಯಲ್ಲಿ ನುಸುಳಿ ಬರುತ್ತವೆ. ಇದರದ್ದು ಸಣ್ಣ ಕಣ್ಣಿನ ಪರದೆ. ಗಾಳಿ ಸ್ವಲ್ಪ ಕಡಿಮೆ, ನಿದ್ದೆ ಜಾಸ್ತಿ.

ಜೂನ್

ಟಾರ್ಪು ಬಂತು. ಮೂರು ಮೀಟರ್ ಚೌಕ, ಸಿಲಿಕೋನ್ ಲೇಪದ ಪಾಲಿಯೆಸ್ಟರ್, ಅರ್ಧ ಕಿಲೋ ಚಿಲ್ಲರೆ, 110 ಡಾಲರ್. ನೈಲಾನಿನದ್ದೂ ಇತ್ತು. ಆದರೆ ನೈಲಾನ್ ನೀರು ಕುಡಿದು ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದು ಮಧ್ಯರಾತ್ರಿಗೆ ಜೋತುಬಿದ್ದು ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಪಾಲಿಯೆಸ್ಟರಿಗೆ ಆ ರೋಗ ಕಡಿಮೆ.

‘ಟೆಂಟಿನ ಹೊದಿಕೆ ಬಿಟ್ಟು, ಪರದೆಯ ಒಳಟೆಂಟಿನ ಮೇಲೆ ಇದೇ ಟಾರ್ಪು ಕಟ್ಟು, ಒಂದು ಕಿಲೋ ಉಳಿಯುತ್ತದೆ’ ಅಂತ ಗೆಳೆಯರೊಬ್ಬರ ಸಲಹೆ. ಲೆಕ್ಕ ಸರಿಯೇ. ಆದರೆ ಅದು ಕಪ್ಪು ಕರಡಿಗಳ ಕಾಡು. ಅಡುಗೆ ವಾಸನೆ ಮಲಗುವ ಜಾಗದಿಂದ ದೂರ ಇರಬೇಕು. ಮಳೆ ಹಿಡಿದರೆ ಅಡುಗೆಗೆ, ಊಟಕ್ಕೆ, ಸುಮ್ನೆ ಕೂರುವುದಕ್ಕೆ ಒಂದು ಸೂರು ಬೇಕು. ಟಾರ್ಪು ಟೆಂಟಿನ ಮೇಲೆ ಹೋದರೆ ಅಡುಗೆಮನೆಗೆ ಸೂರಿಲ್ಲ. ನನ್ನನ್ನು ಕೇಳಿದರೆ ಕನೂ ಪ್ರವಾಸದಲ್ಲಿ ದುಡ್ಡು ಹಾಕಬೇಕಾದ್ದು ಟಾರ್ಪಿಗೆ. ಟೆಂಟಿನಲ್ಲಿ ಕಣ್ಣು ಮುಚ್ಚಿ ಮಲಗುತ್ತೇವೆ. ಮಳೆ ದಿನದಲ್ಲಿ ಎಚ್ಚರವಾಗಿರುವಷ್ಟು ಹೊತ್ತೂ ಕಳೆಯುವುದು ಟಾರ್ಪಿನ ಅಡಿ.

ಹಿತ್ತಲಿನ ಎರಡು ಮೇಪಲ್ ಮರದ ನಡುವೆ ಕಟ್ಟಿ, ಗಿಡಕ್ಕೆ ನೀರು ಹಾಕುವ ಪೈಪಿನಿಂದ ಮಳೆ ಸುರಿಸಿದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ ಏನೂ ಕೇಳದೆ ನೋಡಿದರು. ನಡುಹಗ್ಗದ ಒಂದು ತುದಿಗೆ ಜಾರದ ಬೌಲೈನ್ ಗಂಟು, ಇನ್ನೊಂದಕ್ಕೆ ಎಳೆದು ಬಿಗಿ ಮಾಡುವ ಟ್ರಕರ್ಸ್ ಹಿಚ್ ಗಂಟು. ಟಾರ್ಪನ್ನು ಆಚೀಚೆ ಸರಿಸಲು ಎರಡು ಪ್ರುಸಿಕ್ ಕುಣಿಕೆ. ಗಾಳಿ ಬರುವ ಕಡೆಯ ಅಂಚನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಮುಂದಿನ ಬದಿ ಎತ್ತಿದರೆ ಚೆನ್ನಾಗಿ ನಿಲ್ಲುತ್ತದೆ, ನಮ್ಮಲ್ಲಿ ನಾಟಿ ಮಾಡುವವರು ಮಳೆಗೆ ಬೆನ್ನುಕೊಟ್ಟು ಗೊರಬು ಹಾಕಿಕೊಂಡ ಹಾಗೆ. ಮುಂದಿನ ಬದಿಗೆ ಹುಟ್ಟು ಕಂಬವಾಯಿತು. ಅಂದುಕೊಂಡಿದ್ದು ಇಲ್ಲಾದರೂ ಉಪಯೋಗಕ್ಕೆ ಬಂತು.

ಒಂದು ಸಣ್ಣ ವಿಷಯ ಆಗ ಕಣ್ಣಿಗೆ ಬಿತ್ತು. ಮರದ ಕಾಂಡದ ನೀರು ಹಗ್ಗ ಹಿಡಿದು, ಹನಿ ಹನಿಯಾಗಿ ಸಾಲುಗಟ್ಟಿ ಟಾರ್ಪಿನ ಒಳಗೇ ಬರುತ್ತಿತ್ತು. ಟಾರ್ಪಿನಿಂದ ಒಂದು ಗೇಣು ಆಚೆ ಹಗ್ಗಕ್ಕೆ ಬೆರಳುದ್ದದ ದಾರ ಕಟ್ಟಿ ಇಳಿಬಿಟ್ಟೆ. ಹನಿಗಳು ಅಲ್ಲಿ ಬಂದು ನಿಂತು, ದಾರ ಹಿಡಿದು ನೆಲಕ್ಕೆ ಇಳಿದವು. ಒಳಗೆ ಒಣ.

ಜುಲೈ

ನೆಲಹಾಸಿಗೆ ಇಲ್ಲಿ ಚಳಿಗಾಲದಲ್ಲಿ ಕಿಟಕಿಗೆ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ ಸಾಕು. 15 ಡಾಲರ್, ನೂರು ಗ್ರಾಂ. ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಾಗಿ ಕತ್ತರಿಸಿದ್ದೇನೆ. ಹೊರಗೆ ಚಾಚಿದ್ದರೆ ಮಳೆನೀರು ಹಿಡಿದು ಟೆಂಟಿನ ಅಡಿಗೇ ತಂದು ಸುರಿಯುತ್ತದೆ.

ಹಗ್ಗ, ಗೂಟ, ಕೊಕ್ಕೆಗೆ 30 ಡಾಲರ್, ಕಾಲು ಕಿಲೋ. ಒಟ್ಟು 285 ಡಾಲರ್, 3.2 ಕಿಲೋ. ಕಡ್ಡಿಗಳನ್ನು ಬೇರೆ ತೆಗೆದು ಚೀಲದ ಬದಿಯಲ್ಲಿ ನಿಲ್ಲಿಸಿದೆ, ಉಳಿದದ್ದು ತಳದಲ್ಲಿ ಮುದುಡಿ ಕೂತಿತು. ಆಹಾರದ ಚೀಲ ಸೇರಿಸಿದರೂ ಎರಡೇ ಬ್ಯಾಗು.

ಜಾಗ ಆರಿಸುವಾಗ ಮೊದಲು ಮೇಲೆ ನೋಡಬೇಕು ಅಂತ ಇಬ್ಬರೂ ಒಪ್ಪಿದ್ದೇವೆ. 2022ರ ಮೇ 21ರ ಡೆರೆಚೊ (ಉದ್ದಕ್ಕೆ ಸಾಗುವ ಗುಡುಗುಮಳೆಯ ಬಿರುಗಾಳಿ) ಬೀಸಿದಾಗ ಒಂಟಾರಿಯೊದಲ್ಲಿ ಮರ ಬಿದ್ದೇ ಹಲವರು ಸತ್ತರು. ಒಣಗಿ ನಿಂತ ಮರ ಹತ್ತಿರ ಇದ್ದರೆ ಎಷ್ಟು ಸಮತಟ್ಟಾದ ಜಾಗವಾದರೂ ಬೇಡ.

ಟೆಂಟಿನ ಹೊಲಿಗೆಗೆ ಸೀಲರ್ ಹಚ್ಚಿ ಗ್ಯಾರೇಜಿನಲ್ಲಿ ಒಣಗಲು ಬಿಟ್ಟಿದ್ದೇನೆ. ಟಾರ್ಪಿಗೆ ಆ ಸೀಲರ್ ಹಿಡಿಯುವುದಿಲ್ಲ, ಸಿಲಿಕೋನ್ ಬಟ್ಟೆಗೆ ಸಿಲಿಕೋನೇ ಬೇಕು. ಶನಿವಾರ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಟ್ಯೂಬ್ ಸಿಲಿಕೋನ್, ಅದನ್ನು ತೆಳು ಮಾಡಲು ಮಿನರಲ್ ಸ್ಪಿರಿಟ್ಸ್, ಒಂದು ಹಳೆ ಬ್ರಶ್ಶು. ಅದು ಒಣಗಿದ ಮೇಲೆ ಮತ್ತೊಮ್ಮೆ ಪೈಪ್ ಮಳೆ.