ಸೋಮವಾರದವರೆಗೆ ಒಂದು ಹಲ್ಲು

ಆಲ್ದೂರಿನ ಹತ್ತಿರ ದೊಡ್ಡಮ್ಮನ ಮನೆಗೆ ಹೋಗಿದ್ದಾಗ, ಭಾನುವಾರ ಸಂಜೆ ಹಲ್ಲುನೋವು ಶುರುವಾಯಿತು. ಬಿಸಿ ಕಾಫಿ ತಾಗಿದ್ದೇ ತಡ, ಕೆಳಗಿನ ದವಡೆಹಲ್ಲಿನಿಂದ ಕಿವಿಯವರೆಗೂ ಸೆಳೆಯಿತು. ಪುನರ್ವಸು ಮಳೆ ಹಿಡಿದಿತ್ತು. ಮಧ್ಯಾಹ್ನವೇ ಕರೆಂಟು ಹೋಗಿತ್ತು. ಚಿಕ್ಕಮಗಳೂರಲ್ಲಿ ನಾನು ತೋರಿಸುವ ಹಲ್ಲಿನ ಡಾಕ್ಟರಿಗೆ ಅವತ್ತು ರಜೆ. ದಾರಿಯಲ್ಲಿ ಎಲ್ಲಿ ಮರ ಬಿದ್ದಿದೆಯೋ ಅದೂ ಗೊತ್ತಿಲ್ಲ. ವಾಸಿ ಮಾಡಿಕೊಳ್ಳುವ ಮಾತು ಹಾಗಿರಲಿ, ರಾತ್ರಿ ಕಳೆದರೆ ಸಾಕಿತ್ತು.

ದೊಡ್ಡಮ್ಮ ಸಾಂಬಾರ ಡಬ್ಬಿ ಹಿಡಿದುಕೊಂಡೇ ಬಂದರು. "ಲವಂಗ ಕಚ್ಚಿಕೋ ಮಾರಾಯ್ತಿ, ರಸ ಹಲ್ಲಿಗೆ ತಾಗಬೇಕು" ಅಂದರು. ಇದು ಸುಮ್ನೆ ಅಜ್ಜಿ ಕಾಲದ ನಂಬಿಕೆಯಲ್ಲ. ಲವಂಗದಲ್ಲಿ ಯುಜಿನಾಲ್ ಅನ್ನುವ ಎಣ್ಣೆಯಂಥ ಅಂಶವಿದೆ, ಅದು ತಾಗಿದ ಜಾಗವನ್ನು ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ. ಹಲ್ಲಿನ ಡಾಕ್ಟರುಗಳು ತಾತ್ಕಾಲಿಕವಾಗಿ ತುಂಬುವ ಸಿಮೆಂಟಿನಲ್ಲೂ ಇದನ್ನು ಬಳಸುತ್ತಾರೆ. ಲವಂಗದೆಣ್ಣೆಯ ಸೀಸೆಯೂ ಮನೆಯಲ್ಲಿತ್ತು. ಅದನ್ನು ಹಾಗೇ ಸುರಿದುಕೊಂಡರೆ ಒಸಡು ಸುಡುತ್ತದೆ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಬೆರೆಸಿ, ಹತ್ತಿಯಲ್ಲಿ ಅದ್ದಿ ಹಲ್ಲಿನ ಮೇಲಿಟ್ಟುಕೊಂಡೆ. ಹೊಟ್ಟೆಗೆ ಹೋದರೆ ಅಪಾಯ, ಅದಕ್ಕೇ ಚಿಕ್ಕ ಮಕ್ಕಳಿಗೆ ಈ ಎಣ್ಣೆ ಬೇಡವೇ ಬೇಡ.

ದೊಡ್ಡಪ್ಪನ ಮದ್ದು ಬೇರೆ. ಕಾಳುಮೆಣಸು, ಉಪ್ಪು ಅರೆದು ತಿಕ್ಕುವುದು. ಅದಕ್ಕೂ ಬಗ್ಗದಿದ್ದರೆ ಹೊಗೆಸೊಪ್ಪು. ಬಾಯೆಲ್ಲ ಉರಿಯುವಾಗ ಹಲ್ಲು ಮರೆತುಹೋಗುತ್ತದೆ ಅನ್ನುವ ಲೆಕ್ಕವಿರಬೇಕು! ಅದೊಂದು ಬೇಡ ಅಂದೆ.

ಮಲೆನಾಡಿನ ಮನೆಯಲ್ಲಿ ಮಳೆಗಾಲದಲ್ಲಿ ಬಚ್ಚಲೊಲೆ ಆರುವುದಿಲ್ಲ. ಹಾಗಾಗಿ ಬಿಸಿನೀರಿಗೆ ಬರವಿರಲಿಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಆಗಾಗ ಬಾಯಿ ಮುಕ್ಕಳಿಸಿದೆ. ಸಂದಿಯಲ್ಲಿ ಸಿಕ್ಕಿದ್ದ ಏನೋ ಒಂದು ಚೂರು ಹೊರಬಿತ್ತು, ಅಷ್ಟಕ್ಕೇ ಹಾಯೆನಿಸಿತು. ಕೆನ್ನೆಗೆ ಐಸ್ ಇಡೋಣವೆಂದರೆ ಫ್ರಿಜ್ಜೇ ಬೆಚ್ಚಗಾಗಿತ್ತು. ಸೂರಿನಡಿ ಇಟ್ಟಿದ್ದ ಬಕೆಟ್ಟಿನ ನೀರಿಗೆ ಟವೆಲ್ ಅದ್ದಿ ಹಿಂಡಿ ಇಟ್ಟುಕೊಂಡೆ. ಆ ಚಳಿಯಲ್ಲಿ ಐಸೇನೂ ಬೇಕಾಗಲಿಲ್ಲ. ಒಂದು ಕಾಲು ಗಂಟೆ ಇಡುವುದು, ಸ್ವಲ್ಪ ಬಿಡುವುದು, ಮತ್ತೆ ಇಡುವುದು. ದೊಡ್ಡಮ್ಮ ಬಿಸಿ ಶಾಖ ಕೊಡುತ್ತೇನೆಂದು ಎದ್ದಿದ್ದರು. ಒಳಗೆ ಕೀವು ಆಗಿದ್ದರೆ ಶಾಖದಿಂದ ಊತ ಜಾಸ್ತಿಯಾಗಬಹುದು, ಬೇಡ ದೊಡ್ಡಮ್ಮ ಅಂದು ಕೂರಿಸಿದೆ.

ನಿಜವಾದ ಕಷ್ಟ ಶುರುವಾಗಿದ್ದು ಮಲಗಿದ ಮೇಲೆ. ಹಲ್ಲಿನೊಳಗೆ ನರ, ರಕ್ತನಾಳ ಇರುವ ಮೆತ್ತನೆಯ ತಿರುಳಿದೆ. ಅದು ಊದಿಕೊಂಡರೆ ಹಿಗ್ಗಲು ಜಾಗವಿಲ್ಲ, ಸುತ್ತ ಗಟ್ಟಿ ಗೋಡೆ. ಚಪ್ಪಟೆ ಮಲಗಿದರೆ ತಲೆ ಕಡೆಗೆ ರಕ್ತದ ಒತ್ತಡ ಹೆಚ್ಚಿ ಪಟಪಟ ಹೊಡೆದುಕೊಳ್ಳುತ್ತದೆ. ದೊಡ್ಡಪ್ಪನ ಆರಾಮ ಕುರ್ಚಿಯಲ್ಲಿ ದಿಂಬು ಆನಿಸಿಕೊಂಡು ಕೂತ ಮೇಲೆಯೇ ಕಣ್ಣು ಹತ್ತಿದ್ದು. ಅವರು ಪಾಪ ಹಾಸಿಗೆಯಲ್ಲಿ ಹೊರಳಾಡಿದರು.

ಮಾತ್ರೆ ಅಂತ ಇದ್ದದ್ದು ಡೋಲೋ 650, ಅಂದರೆ ಪ್ಯಾರಾಸಿಟಮಾಲ್. ಊಟವಾದ ಮೇಲೆ ಒಂದು, ಆರು ಗಂಟೆ ಬಿಟ್ಟು ಇನ್ನೊಂದು. ದೊಡ್ಡವರಿಗೂ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ದಾಟಬಾರದು. ಮಾತ್ರೆಯನ್ನು ನೋಯುವ ಹಲ್ಲಿನ ಪಕ್ಕ ಅದುಮಿಟ್ಟುಕೊಳ್ಳುವವರಿದ್ದಾರೆ. ಆಸ್ಪಿರಿನ್ ಹಾಗೆ ಇಟ್ಟರೆ ಒಸಡು ಬೆಂದುಹೋಗುತ್ತದೆ. ದೊಡ್ಡಪ್ಪ ತಮ್ಮ ಮಂಡಿನೋವಿಗೆ ಕೊಟ್ಟಿದ್ದ ಐಬುಪ್ರೊಫೆನ್ ಮಾತ್ರೆಯನ್ನೂ ತಂದರು. ಊತ ಇಳಿಸುವುದರಿಂದ ಹಲ್ಲುನೋವಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನನಗೆ ಅಲ್ಸರ್ ಇದೆ. ಕಿಡ್ನಿ ತೊಂದರೆ ಇರುವವರಿಗೆ, ಬಸುರಿಯರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ಡಾಕ್ಟರನ್ನು ಕೇಳದೆ ಅದು ಆಗದು. ಹಿಂದೆ ಯಾರಿಗೋ ಬರೆದುಕೊಟ್ಟು ಉಳಿದಿದ್ದ ಆಂಟಿಬಯಾಟಿಕ್ ಕೂಡ ಡಬ್ಬಿಯಿಂದ ಹೊರಬಂತು. ಅದನ್ನು ಹಾಗೇ ವಾಪಸ್ ಇಡಿಸಿದೆ.

ಬೆಳಗ್ಗೆ ಎದ್ದಾಗ ನೋವು ಮುಕ್ಕಾಲು ಪಾಲು ಇಳಿದಿತ್ತು. "ಕಡಿಮೆ ಆಯ್ತಲ್ಲ, ಈ ಮಳೆಯಲ್ಲಿ ಎಂತಕ್ಕೆ ಹೋಗ್ತೀಯ?" ಅಂದರು ದೊಡ್ಡಪ್ಪ. ನನಗೆ ಹೆದರಿಕೆಯಾಗಿದ್ದೇ ಆಗ. ಅಷ್ಟು ಕುಣಿಸಿದ ಹಲ್ಲು ತಾನಾಗಿ ಸುಮ್ಮನಾಯಿತೆಂದರೆ ಒಳಗಿನ ನರ ಸಾಯುತ್ತಿರಬಹುದು. ನೋವು ಹೋದರೂ ಸೋಂಕು ಬೇರಿನ ಕಡೆ ಇಳಿಯುತ್ತಲೇ ಇರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡೆ. ಮುಖ ಊದಿರಲಿಲ್ಲ, ಜ್ವರ ಇರಲಿಲ್ಲ, ಬಾಯಿ ಪೂರ್ತಿ ತೆರೆಯುತ್ತಿತ್ತು. ಕೆನ್ನೆ, ಗಂಟಲು ಊದಿ ನುಂಗಲು ಉಸಿರಾಡಲು ಕಷ್ಟವಾಗಿದ್ದರೆ ರಾತ್ರಿಯೇ ಜಿಲ್ಲಾಸ್ಪತ್ರೆಗೆ ಓಡಬೇಕಿತ್ತು, ಮರ ಬಿದ್ದಿದ್ದರೂ ಸರಿ. ಬೆಳಗಿನ ಬಸ್ಸಿಗೆ ಹೊರಟೆ.

ಡಾಕ್ಟರಮ್ಮ ಮೊದಲು ಕೇಳಿದ್ದು ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ ಅಂತ. ಲವಂಗಕ್ಕೆ ಬೈಯಲಿಲ್ಲ. ಎಕ್ಸ್‌ರೇಯಲ್ಲಿ ಹುಳುಕು ನರದವರೆಗೆ ಇಳಿದಿದ್ದು ಕಾಣಿಸಿತು. ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟು ಅವತ್ತೇ ರೂಟ್ ಕೆನಾಲ್ ಶುರು ಮಾಡಿದರು. ತುಟಿಯ ಜೋಮು ಇಳಿಯುವವರೆಗೆ ಏನೂ ತಿನ್ನಬೇಡಿ, ಕೆನ್ನೆ ಕಚ್ಚಿಕೊಂಡುಬಿಡುತ್ತೀರಿ ಅಂದರು.

ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ದೊಡ್ಡಪ್ಪನ ಫೋನು. ನಾನು ಹೇಗಿದ್ದೇನೆಂದು ವಿಚಾರಿಸಿ, ಸ್ವಲ್ಪ ಹೊತ್ತು ಮಳೆಯ ಮಾತಾಡಿ, ಕೊನೆಗೆ ಕೇಳಿದರು: "ಆ ಡಾಕ್ಟರು ಶನಿವಾರ ಸಿಗ್ತಾರಾ? ನನ್ನದೂ ಮೇಲಿನದೊಂದು ಇದೆ."