ಉಕ್ಕಿನ ಹಲಗೆಗೆ ಹಾಕಿದ ಮತ

"ನನ್ನ ವಿರೋಧ ಯುದ್ಧಕ್ಕೆ, ಸೈನಿಕರಿಗಲ್ಲ" ಎಂಬ ಮಾತನ್ನು ನಾನೂ ಹಲವು ಬಾರಿ ಆಡಿದ್ದೇನೆ. ವಾದದ ನಡುವೆ ನಿಂತುಕೊಳ್ಳಲು ಇದಕ್ಕಿಂತ ಸುರಕ್ಷಿತವಾದ ಜಾಗ ಇನ್ನೊಂದಿಲ್ಲ: ದೇಶದ್ರೋಹಿ ಎಂಬ ಹಣೆಪಟ್ಟಿಯೂ ಅಂಟುವುದಿಲ್ಲ, ಯುದ್ಧದಾಹಿ ಎಂಬ ಬೈಗುಳವೂ ತಟ್ಟುವುದಿಲ್ಲ. ಅಷ್ಟು ಅನುಕೂಲವಾಗಿ ಒದಗಿಬರುವುದರಿಂದಲೇ ಇತ್ತೀಚೆಗೆ ಆ ಮಾತಿನ ಮೇಲೆ ನನಗೆ ಅನುಮಾನ ಹುಟ್ಟಿದೆ.

ತತ್ತ್ವದ ಮಟ್ಟದಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ. ಯುದ್ಧ ಹೂಡುವ ತೀರ್ಮಾನ ಆಳುವವರದು, ರಣರಂಗದಲ್ಲಿನ ನಡವಳಿಕೆಯ ಹೊಣೆ ಸೈನಿಕನದು. 1949ರ ಜಿನೀವಾ ಒಪ್ಪಂದಗಳು ಸೆರೆಸಿಕ್ಕ ಸೈನಿಕನಿಗೆ ರಕ್ಷಣೆ ಕೊಡುವಾಗ ಅವನ ದೇಶದ ಯುದ್ಧ ನ್ಯಾಯವೋ ಅನ್ಯಾಯವೋ ಎಂದು ಕೇಳುವುದಿಲ್ಲ. ಉಂಡ ಅನ್ನದ ಋಣಕ್ಕಾಗಿ ಒಡೆಯನ ಪರ ಕಾದುವುದನ್ನು ಹಳಗನ್ನಡ 'ಜೋಳದ ಪಾಳಿ' ಎಂದು ಕರೆಯಿತು, ಮತ್ತು ಆ ಮಾತಿನಲ್ಲಿ ಒಡೆಯನ ಉದ್ದೇಶದ ವಿಚಾರಣೆಯೇ ಇಲ್ಲ. ದುರ್ಯೋಧನನ ಯುದ್ಧವನ್ನು ಅಧರ್ಮವೆಂದು ಬಗೆಯುವ ನಾವು ಭೀಷ್ಮನಿಗೆ ಕೈಮುಗಿಯುತ್ತೇವೆ. ಯುದ್ಧಾರಂಭಕ್ಕೆ ಮುನ್ನ ಬರಿಗಾಲಲ್ಲಿ ನಡೆದುಬಂದ ಧರ್ಮರಾಯನಿಗೆ, ಎದುರಾಳಿಯಾಗಿದ್ದೂ, ಗೆಲುವಾಗಲೆಂದು ಹರಸಿದವನು ಅವನು. ಆದರೆ ಹರಸಿದ ಮೇಲೆ ಹತ್ತು ದಿನ ಕೌರವ ಸೇನೆಯ ನಾಯಕನಾಗಿ ಬಾಣ ಬಿಟ್ಟವನೂ ಅವನೇ. ಆ ಬಾಣಗಳಿಗೆ ಸಿಕ್ಕವರ ಮನೆಯವರಿಗೆ ಅವನ ಅಂತರಂಗದ ಒಲವು ಯಾವ ಕಡೆಗಿತ್ತೆಂಬುದರಿಂದ ಏನು ಸಮಾಧಾನ ಸಿಕ್ಕೀತು?

ಬೆಂಬಲವೆನ್ನುವುದು ಮನಸ್ಸಿನ ಭಾವನೆಯಾಗಿ ಇರುವವರೆಗೆ ಸೈನಿಕನನ್ನೂ ಯುದ್ಧವನ್ನೂ ಬಿಡಿಸಿ ಇಡಬಹುದು. ಅದು ಹಣವಾಗಿ, ಕಬ್ಬಿಣವಾಗಿ ಮಾರ್ಪಟ್ಟ ಕೂಡಲೇ ಗಂಟು ಬೀಳುತ್ತದೆ. 2004ರ ಡಿಸೆಂಬರಿನಲ್ಲಿ, ಕುವೈತಿನ ಶಿಬಿರವೊಂದರಲ್ಲಿ, ಇರಾಕಿಗೆ ಹೊರಟಿದ್ದ ಅಮೆರಿಕದ ಸೈನಿಕನೊಬ್ಬ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರ ಎದುರು ಎದ್ದು ನಿಂತು, ನಮ್ಮ ವಾಹನಗಳಿಗೆ ಕವಚ ಹೊಂದಿಸಲು ನಾವು ಕಸದ ಗುಂಡಿಗಳಲ್ಲಿ ಗುಜರಿ ಕಬ್ಬಿಣವನ್ನೂ ಒಡೆದ ಗುಂಡುನಿರೋಧಕ ಗಾಜನ್ನೂ ಏಕೆ ಹೆಕ್ಕಬೇಕು ಎಂದು ಕೇಳಿದ. ಸುತ್ತಲಿದ್ದ ಸೈನಿಕರು ಚಪ್ಪಾಳೆ ತಟ್ಟಿದರು. ಇರುವ ಸೈನ್ಯವನ್ನು ಕಟ್ಟಿಕೊಂಡೇ ಯುದ್ಧಕ್ಕೆ ಹೋಗಬೇಕಾಗುತ್ತದೆ, ಬಯಸಿದ ಸೈನ್ಯವನ್ನಲ್ಲ ಎಂಬರ್ಥದ ಉತ್ತರ ಬಂತು. ಅದಕ್ಕೂ ಒಂದು ವರ್ಷ ಮೊದಲು, 2003ರ ಅಕ್ಟೋಬರಿನಲ್ಲಿ, ಇರಾಕ್ ಮತ್ತು ಅಫ್ಘಾನಿಸ್ತಾನದ ಖರ್ಚಿಗೆಂದು ಸುಮಾರು 8,700 ಕೋಟಿ ಡಾಲರುಗಳ ಮಸೂದೆ ಸೆನೆಟ್ಟಿನಲ್ಲಿ ಮತಕ್ಕೆ ಬಂದಾಗ, ಅದನ್ನು ವಿರೋಧಿಸಿದವರು ಸೈನಿಕರ ಎದೆಗವಚಕ್ಕೂ ಕೈಯೆತ್ತಲಿಲ್ಲ ಎಂಬ ನಿಂದೆಯನ್ನು ಹೊರಬೇಕಾಯಿತು.

ಇಂಥಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ? ವಾಹನಕ್ಕೆ ಕವಚವಾಗುವ ಉಕ್ಕಿನ ಹಲಗೆ ಒಳಗೆ ಕುಳಿತ ಹುಡುಗನ ಪ್ರಾಣವನ್ನು ಉಳಿಸುತ್ತದೆ; ಅದೇ ಹಲಗೆ ಆ ವಾಹನವನ್ನು ನಾಳೆಯೂ ಅದೇ ರಸ್ತೆಗೆ ಕಳಿಸಲು ಧೈರ್ಯ ಕೊಡುತ್ತದೆ. ಹಲಗೆಯ ಪರವಾಗಿಯೇ ಮತ ಹಾಕುತ್ತಿದ್ದೆನೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಹೊರಟು ನಿಂತವನ ಮೈಯನ್ನು ಬರಿದಾಗಿಸಿ ನನ್ನ ತತ್ತ್ವವನ್ನು ಕಾಪಾಡಿಕೊಳ್ಳುವುದು ನನ್ನಿಂದಾಗದು. ಆದರೆ ಹಾಗೆ ಮತ ಹಾಕಿದ ಮೇಲೆ, ಅಷ್ಟರ ಮಟ್ಟಿಗೆ ಯುದ್ಧಕ್ಕೂ ಕೈಜೋಡಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಸೈನಿಕ ಮಾತ್ರ ನನ್ನವನು, ಯುದ್ಧ ಮಾತ್ರ ಬೇರೆಯವರದು ಎನ್ನುವ ಶುಚಿತ್ವ ಆಮೇಲೆ ಉಳಿಯುವುದಿಲ್ಲ.

ಯುದ್ಧವನ್ನು ಉತ್ಸಾಹದಿಂದ ಬೆಂಬಲಿಸಿದವರ ಲೆಕ್ಕವೇನೂ ಇದಕ್ಕಿಂತ ಚೊಕ್ಕಟವಾಗಿಲ್ಲ. 1960ರ ದಶಕದಲ್ಲಿ ವಿಯೆಟ್ನಾಮಿನ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್ ಎಂಬ ಎಲೆನಾಶಕಕ್ಕೂ ಹಿಂದಿರುಗಿದ ಸೈನಿಕರ ಕಾಯಿಲೆಗಳಿಗೂ ಇರುವ ನಂಟನ್ನು ಅಮೆರಿಕ ಪ್ರತ್ಯೇಕ ಕಾಯಿದೆ ಮಾಡಿ ಮಾನ್ಯ ಮಾಡತೊಡಗಿದ್ದು 1991ರಲ್ಲಿ. ಯುದ್ಧ ಮುಗಿದು ಆಗಲೇ 16 ವರ್ಷಗಳಾಗಿದ್ದವು. (ಆಸ್ಪತ್ರೆಯ ಮುಂದಿನ ಸಾಲಿಗೆ ಯಾರೂ ಬಾವುಟ ಬೀಸುವುದಿಲ್ಲ.)

ಇನ್ನು, ಬೆಂಬಲವೆಂದರೆ ಯಾವ ಸೈನಿಕನಿಗೆ ಎಂಬ ಪ್ರಶ್ನೆಯೂ ಇದೆ. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ತುಕಡಿಯೊಂದು ನಿರಾಯುಧರನ್ನು ಕೊಲ್ಲುತ್ತಿದ್ದಾಗ, ಹೆಲಿಕಾಪ್ಟರಿನ ಚಾಲಕ ಹ್ಯೂ ಥಾಂಪ್ಸನ್ ಹಳ್ಳಿಗರಿಗೂ ತನ್ನದೇ ಸೈನ್ಯದವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ನಮ್ಮವರು ಇವರ ಮೇಲೆ ಗುಂಡು ಹಾರಿಸಿದರೆ ನೀವು ಅವರ ಮೇಲೆ ಹಾರಿಸಿ ಎಂದು ಜೊತೆಗಾರರಿಗೆ ಹೇಳಿದರು. ಆ ಇಬ್ಬರು ಜೊತೆಗಾರರಲ್ಲಿ ಒಬ್ಬರಾದ ಗ್ಲೆನ್ ಆಂಡ್ರಿಯೋಟ್ಟಾ ಹೆಣಗಳಿಂದ ತುಂಬಿದ್ದ ಕಾಲುವೆಗೆ ಇಳಿದು, ಉಸಿರಾಡುತ್ತಿದ್ದ ಮಗುವೊಂದನ್ನು ಎತ್ತಿಕೊಂಡು ಬಂದರು. ಊರಿಗೆ ಮರಳಿದ ಥಾಂಪ್ಸನ್ನರಿಗೆ ಬಹುಕಾಲ ಸಿಕ್ಕಿದ್ದು ದ್ರೋಹಿ ಎಂಬ ಹೆಸರು ಮತ್ತು ಕೊಲೆ ಬೆದರಿಕೆಗಳು. ಮೂವರಿಗೂ ಸೈನ್ಯದ ಪದಕ ಬಂದದ್ದು 1998ರಲ್ಲಿ. ಆಂಡ್ರಿಯೋಟ್ಟಾ ಅದನ್ನು ತೆಗೆದುಕೊಳ್ಳಲು ಇರಲಿಲ್ಲ. ಆ ಮಗುವನ್ನು ಎತ್ತಿದ ಸುಮಾರು ಮೂರು ವಾರಗಳಿಗೇ ಅವರು ಅದೇ ಯುದ್ಧದಲ್ಲಿ ಸತ್ತಿದ್ದರು.