ಎಷ್ಟು ಜನರಲ್ಲಿ ಇಪ್ಪತ್ತು?

2025ರ ಜೂನ್ ಕೊನೆ, ಜುಲೈ ಮೊದಲ ವಾರ ಹಾಸನದಲ್ಲಿದ್ದವರು ಆ ದಿನಗಳನ್ನು ಮರೆತಿರಲಿಕ್ಕಿಲ್ಲ. ಟಿವಿ ಹಾಕಿದರೆ ಒಂದು ಎಣಿಕೆ. ಹೃದಯಾಘಾತಕ್ಕೆ ಮತ್ತೊಂದು ಬಲಿ, ಒಟ್ಟು ಇಷ್ಟಾಯಿತು. ನಲವತ್ತು ದಿನಗಳಲ್ಲಿ ಇಪ್ಪತ್ತು ದಾಟಿತು ಅನ್ನುವ ಹೊತ್ತಿಗೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಜನ ಸಾಲು ನಿಂತಿದ್ದರು. ಬೇರೆ ಊರಿನ ನೆಂಟರು ಫೋನ್ ಮಾಡಿ "ಅಲ್ಲೇನಾಗ್ತಿದೆ?" ಅಂತ ಕೇಳುತ್ತಿದ್ದರು.

ನಾನು ಮೆಡಿಕಲ್ ಓದುವ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ಡಾಕ್ಟರ್ ಅಲ್ಲ. ವರ್ಷವಿಡೀ ಯಾರಿಗೂ ಬೇಡದವಳು, ಪಿಜಿ (ಸ್ನಾತಕೋತ್ತರ) ಹುಡುಗರು ಥೀಸಿಸ್ ಕೊಡುವ ವಾರ ಮಾತ್ರ ಎಲ್ಲರಿಗೂ ಬೇಕಾಗುತ್ತೇನೆ. ಆ ಜುಲೈನಲ್ಲಿ ಮಾತ್ರ ಸಾಲಗಾಮೆ ರಸ್ತೆಯ ನಮ್ಮ ಬೀದಿಗೂ ಬೇಕಾದೆ. ಕಾರಣ ಏನು ಅಂತ ಒಬ್ಬೊಬ್ಬರದು ಒಂದೊಂದು ಮಾತು. ನೀರು ಅಂದರು, ಆಲೂಗಡ್ಡೆಗೆ ಹೊಡೆಯುವ ಔಷಧಿ ಅಂದರು, ರಾತ್ರಿ ಹೊತ್ತು ತಿನ್ನುವ ಬಿರಿಯಾನಿ ಅಂದರು. ನಮ್ಮ ಚಿಕ್ಕಪ್ಪ ಕೋವಿಡ್ ಲಸಿಕೆಯೇ ಅಂತ ಪಟ್ಟು ಹಿಡಿದು ಕೂತರು. ನಾನು ಕೇಳಿದ್ದು ಒಂದೇ. ಎಷ್ಟು ಜನರಲ್ಲಿ ಇಪ್ಪತ್ತು?

ಚಿಕ್ಕಪ್ಪನಿಗೆ ಸಿಟ್ಟು ಬಂತು. "ಹುಡುಗರು ಸಾಯ್ತಿದ್ದಾರೆ, ನಿಂದು ಲೆಕ್ಕದ ಪಾಠ."

ಆದರೆ ಆ ಲೆಕ್ಕ ಮಾಡದೆ ಮುಂದೆ ಹೋಗುವ ಹಾಗೇ ಇಲ್ಲ. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಸಾವಿರ ಜನಕ್ಕೆ ವರ್ಷಕ್ಕೆ ಆರು ಸಾವು ಅಂತ ಕಮ್ಮಿಯೇ ಹಿಡಿಯೋಣ. ವರ್ಷಕ್ಕೆ 10,000ದ ಮೇಲಾಯಿತು, ದಿನಕ್ಕೆ 29. ಭಾರತದಲ್ಲಿ ಸುಮಾರು ನಾಲ್ಕು ಸಾವಿನಲ್ಲಿ ಒಂದು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ, ಸ್ಟ್ರೋಕ್ ಕೂಡ ಸೇರಿ. ಅಂದರೆ ಯಾವ ಗಲಾಟೆಯೂ ಇಲ್ಲದ ನಲವತ್ತು ದಿನಗಳಲ್ಲೂ ಈ ಜಿಲ್ಲೆಯಲ್ಲಿ ಅಂಥ ಸಾವು 290ರ ಹತ್ತಿರ ಆಗಬೇಕು. ಟಿವಿಯವರು ಎಣಿಸಿದ್ದು ಇಪ್ಪತ್ತು ಚಿಲ್ಲರೆ.

ಹಾಗಾದರೆ ಎಲ್ಲ ಸುಮ್ನೆ ಗಾಬರಿನಾ? ಅಷ್ಟು ಬೇಗ ಹಾಗೂ ಹೇಳಬಾರದು. ಟಿವಿಯಲ್ಲಿ ಬಂದವರು ಎಪ್ಪತ್ತೆಂಬತ್ತರ ಅಜ್ಜಂದಿರಲ್ಲ, ಹೆಚ್ಚಿನವರು ದುಡಿಯುವ ವಯಸ್ಸಿನವರು. ಹಾಗಾಗಿ ನ್ಯಾಯವಾದ ಪ್ರಶ್ನೆ ಬೇರೆ. 45 ವರ್ಷದೊಳಗಿನವರು 2024ರ ಇದೇ ಮೇ-ಜೂನ್‌ನಲ್ಲಿ ಎಷ್ಟು ಜನ ಹೀಗೆ ಹೋದರು? ಅದರ ಹಿಂದಿನ ವರ್ಷ? ಪಕ್ಕದ ಚಿಕ್ಕಮಗಳೂರಿನಲ್ಲಿ? ಹೋಲಿಸಲಿಕ್ಕೆ ಒಂದು ಮಾಮೂಲಿ ಸಂಖ್ಯೆ ಇಲ್ಲದಿದ್ದರೆ ಇಪ್ಪತ್ತು ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ.

ಆ ಮಾಮೂಲಿ ಸಂಖ್ಯೆ ಹುಡುಕಲು ಹೊರಟರೆ ನಿಜವಾದ ಕಷ್ಟ ಶುರು. ಸಾವುಗಳ ನೋಂದಣಿ ಈಗ ಇ-ಜನ್ಮ ಅನ್ನುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗುತ್ತದೆ, ಸರಿ. ಆದರೆ ಆಲೂರು, ಅರಕಲಗೂಡು ಕಡೆಯ ಹಳ್ಳಿಯಲ್ಲಿ ಒಬ್ಬರು ಮನೆಯಲ್ಲೇ ತೀರಿಕೊಂಡರೆ ಕಾರಣ ಹೇಳುವವರು ಯಾರು? ಮನೆಯವರು. ಎದೆ ಹಿಡಿದುಕೊಂಡರು ಅನ್ನುತ್ತಾರೆ, ಅದೇ ದಾಖಲಾಗುತ್ತದೆ. ಆಸ್ಪತ್ರೆಯಲ್ಲಾದರೆ ಸಾವಿನ ಕಾರಣಕ್ಕೆಂದೇ ಫಾರಂ 4 ಇದೆ. ಅದರಲ್ಲೂ ಎಷ್ಟೋ ಸಲ 'ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್' ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಹೃದಯ ನಿಂತಿತು, ಉಸಿರು ನಿಂತಿತು. ಸತ್ತವರಿಗೆಲ್ಲ ಅದು ಆಗಿಯೇ ಇರುತ್ತದೆ, ಅಲ್ವಾ? ಹಾಗೆ ಬರೆಯಬೇಡಿ, ಮೂಲ ಕಾರಣ ಬರೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ರಾತ್ರಿ ಡ್ಯೂಟಿಯಲ್ಲಿರುವ ಹೌಸ್ ಸರ್ಜನ್‌ಗೆ ಅದು ಕೇಳಿಸಬೇಕಲ್ಲ.

ಇನ್ನು ಆಕಸ್ಮಿಕದ ಆಟ. ಒಂದು ಜಿಲ್ಲೆಯಲ್ಲಿ ನಲವತ್ತು ದಿನಕ್ಕೆ ಸರಾಸರಿ 20 ಸಾವು ಅಂತಿಟ್ಟುಕೊಳ್ಳಿ. ಪ್ರತಿ ಸಲ 20 ಬರುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ ಎಣಿಕೆಗಳಿಗೆ ಪಾಯ್ಸಾನ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಸೂತ್ರ ಇದೆ. ಅದರ ಪ್ರಕಾರ ಸರಾಸರಿಯ ವರ್ಗಮೂಲದ ಎರಡರಷ್ಟು ಆಚೀಚೆ ಓಡಾಡುವುದು ಸಹಜ. ಇಲ್ಲಿ 11ರಿಂದ 29. ಅದಕ್ಕೂ ಮೇಲೆ ಹೋಗುವುದು ನಲವತ್ತಕ್ಕೆ ಒಂದು ಸಲ. ಅಪರೂಪ ಅನ್ನಿಸುತ್ತದೆ. ಆದರೆ ಕರ್ನಾಟಕದಲ್ಲಿ 31 ಜಿಲ್ಲೆ, ವರ್ಷದಲ್ಲಿ ಒಂಬತ್ತು ನಲವತ್ತು ದಿನಗಳು. ಒಟ್ಟು 279 ಎಣಿಕೆ. ಯಾವ ಹೊಸ ಕಾರಣವೂ ಇಲ್ಲದೆ ಅದರಲ್ಲಿ ಸುಮಾರು ಏಳು ಕಡೆ ಸಂಖ್ಯೆ ಹೌಹಾರಿಸುವ ಹಾಗೆ ಬಂದೇ ಬರುತ್ತದೆ. ಕ್ಯಾಮರಾ ಅಲ್ಲಿಗೆ ಹೋಗುತ್ತದೆ. ಬಾಣ ಬಿಟ್ಟ ಮೇಲೆ ಅದು ನೆಟ್ಟ ಕಡೆ ಗುರಿ ಬರೆದ ಹಾಗೆ. ನಮ್ಮ ಪಿಜಿಗಳೂ ಇದನ್ನೇ ಮಾಡುವುದು. ಬರೀ ಆಕಸ್ಮಿಕದಿಂದಲೇ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆಗೆ ಪಿ ವ್ಯಾಲ್ಯೂ ಅನ್ನುತ್ತಾರೆ, ಅದು 0.05ರ ಕೆಳಗೆ ಬಂದರೆ ಫಲಿತಾಂಶಕ್ಕೆ ಬೆಲೆ ಅಂತ ರೂಢಿ. "ಮೇಡಂ, ಪಿ ವ್ಯಾಲ್ಯೂ 0.06 ಬಂತು, ಗಂಡಸರನ್ನ ಬೇರೆ ಮಾಡಿ ನೋಡೋಣ್ವಾ?" ಇಪ್ಪತ್ತು ಥರ ಭಾಗ ಮಾಡಿದರೆ ಒಂದರಲ್ಲಿ 0.05ರ ಕೆಳಗೆ ಸಿಗುತ್ತದೆ ಮಾರಾಯ, ಬಿಡು.

ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ನಾಲ್ಕಕ್ಕೆ ಬೇರೆ ಕಾರಣ. ಅಸಹಜ ಏರಿಕೆ ಕಾಣಲಿಲ್ಲ ಎಂದಿತು. ಆಮೇಲೆ ಸರ್ಕಾರ ಆಸ್ಪತ್ರೆ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಹೇಳಿತು. ಒಳ್ಳೆಯ ಕೆಲಸ. ಆದರೆ ಎಣಿಸಲು ಶುರು ಮಾಡಿದ ಮೇಲೆ ಸಂಖ್ಯೆ ಏರುತ್ತದೆ. ಆಗ ಮತ್ತೆ 'ದುಪ್ಪಟ್ಟು' ಅಂತ ಕೆಂಪಕ್ಷರದಲ್ಲಿ ಬಂದರೆ ಮೊದಲು ಕೇಳಬೇಕಾದದ್ದು ಎಣಿಸುವ ಕ್ರಮ ಬದಲಾಯಿತಾ ಅಂತ.

ಚಿಕ್ಕಪ್ಪನ ಲಸಿಕೆಗೆ ಬರೋಣ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಒಂದು ಅಧ್ಯಯನ ಪ್ರಕಟಿಸಿತು. ದೇಶದ 47 ಆಸ್ಪತ್ರೆಗಳು. ಆರೋಗ್ಯವಾಗಿದ್ದು ಇದ್ದಕ್ಕಿದ್ದಂತೆ ತೀರಿಕೊಂಡ 18ರಿಂದ 45 ವರ್ಷದ 729 ಜನ. ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ನೆರೆಹೊರೆಯ ನಾಲ್ವರನ್ನು ಜೋಡಿ ಮಾಡಿದರು, ಒಟ್ಟು 2,916. ಲಸಿಕೆ ಸಾವಿನ ಸಾಧ್ಯತೆ ಹೆಚ್ಚಿಸಿದ್ದು ಕಾಣಲಿಲ್ಲ. ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಕಡಿಮೆಯೇ ಇತ್ತು. ಹೆಚ್ಚಿಸಿದ್ದು ಯಾವುದು ಅಂದರೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಇಂಥ ಸಾವು ಆಗಿದ್ದು, ಸಾಯುವ ಹಿಂದಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದದ್ದು. ಕೊನೆಯದನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಕ್ರಿಕೆಟ್ ಸ್ಕೋರ್ ಎಷ್ಟಾಯ್ತು ಅಂತ ಕೇಳಿದರು. ಹಾಗಂತ ಲಸಿಕೆ ಹೃದಯ ಕಾಯುತ್ತದೆ ಅಂತ ನೇರವಾಗಿ ನಾನೂ ಹೇಳಲಾರೆ. ಆರೋಗ್ಯದ ಬಗ್ಗೆ ಕಾಳಜಿ ಇರುವವರೇ ಲಸಿಕೆಗೆ ಬಂದಿದ್ದರೂ ಉತ್ತರ ಹೀಗೇ ಬರುತ್ತದೆ.

ಆ ದಿನಗಳಲ್ಲಿ ನನಗೆ ಜಾಸ್ತಿ ತಲೆಬಿಸಿ ಮಾಡಿದ್ದು ತಪಾಸಣೆ ಪ್ಯಾಕೇಜ್‌ಗಳು. ಎದುರು ಮನೆ ಹುಡುಗನಿಗೆ ಮೂವತ್ತರ ಆಸುಪಾಸು, ದಿನಾ ಓಡುವವನು. ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡುವ ಟಿಎಂಟಿ ಮಾಡಿಸಿಕೊಂಡ, 'ಪಾಸಿಟಿವ್' ಬಂತು. ಅವರಮ್ಮ ಅಳುತ್ತಾ ರಿಪೋರ್ಟ್ ಹಿಡಿದುಕೊಂಡು ಬಂದರು. ಡಾಕ್ಟರ್ ಮಾತು ಡಾಕ್ಟರ್ ಹೇಳಲಿ, ನಾನು ಕಾಗದದ ಮೇಲೆ ಒಂದು ಲೆಕ್ಕ ಬರೆದುಕೊಟ್ಟೆ. ಯಾವ ತೊಂದರೆಯೂ ಇಲ್ಲದ ಸಾವಿರ ಹುಡುಗರು ಈ ಟೆಸ್ಟ್ ಮಾಡಿಸಿಕೊಂಡರು ಅಂದುಕೊಳ್ಳಿ. ನಿಜವಾಗಿ ರಕ್ತನಾಳ ಕಟ್ಟಿರುವವರು ಹತ್ತು ಜನ. ಕಾಯಿಲೆ ಇದ್ದವರಲ್ಲಿ ನೂರಕ್ಕೆ 70 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 20 ಜನರಿಗೆ ತಪ್ಪಾಗಿ ಇದೆ ಅನ್ನುತ್ತದೆ ಅಂತ ಹಿಡಿಯೋಣ. ಹತ್ತರಲ್ಲಿ ಏಳು ಸಿಕ್ಕಿತು. ಉಳಿದ 990ರಲ್ಲಿ 198 ಜನಕ್ಕೂ ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 205 ಜನರಲ್ಲಿ ಕಾಯಿಲೆ ಇರುವವರು ಏಳೇ. ಅದೇ ಟೆಸ್ಟನ್ನು ನಡೆದರೆ ಎದೆ ನೋಯುವ, ಶುಗರ್ ಇರುವ ಅರವತ್ತರವರಿಗೆ ಮಾಡಿದರೆ ಪಾಸಿಟಿವ್‌ಗೆ ಬೆಲೆಯೇ ಬೇರೆ. ಅವರಮ್ಮ ಕಣ್ಣೊರೆಸಿಕೊಂಡು, "ಇದನ್ನ ದುಡ್ಡು ಕಟ್ಟೋ ಮೊದಲು ಯಾಕೆ ಹೇಳಲ್ಲ?" ಅಂದರು. ಒಳ್ಳೆಯ ಪ್ರಶ್ನೆ.

ಈ ವರ್ಷ ತರಗತಿಯಲ್ಲಿ ಇದನ್ನೇ ಅಭ್ಯಾಸಕ್ಕೆ ಕೊಟ್ಟೆ. ಸತ್ತವರಲ್ಲಿ ಆಟೋ, ಕ್ಯಾಬ್ ಡ್ರೈವರ್‌ಗಳು ಇದ್ದರಲ್ಲ, ಡ್ರೈವಿಂಗ್ ಅಪಾಯವಾ ಅಂತ ಹೇಗೆ ನೋಡ್ತೀರಿ? ಹೋಲಿಸಲು ಯಾರನ್ನು ಆರಿಸ್ತೀರಿ? ಒಬ್ಬ, ಆಸ್ಪತ್ರೆಯಲ್ಲೇ ಇರುವ ಅದೇ ವಯಸ್ಸಿನವರನ್ನು ಅಂದ. ಅಪಘಾತದ ವಾರ್ಡಿನಲ್ಲಿ ಡ್ರೈವರ್‌ಗಳೇ ಜಾಸ್ತಿ, ಆಗ ಡ್ರೈವಿಂಗ್ ಹೃದಯಕ್ಕೆ ಒಳ್ಳೆಯದು ಅಂತ ಉತ್ತರ ಬರುತ್ತೆ ಅಂದೆ. ಇನ್ನೊಬ್ಬಳು ಐಸಿಎಂಆರ್ ಥರ ಅಕ್ಕಪಕ್ಕದವರು ಅಂದಳು. ಅರಸೀಕೆರೆ ಹುಡುಗ ಎದ್ದು, ಡ್ರೈವರ್ ಇರುವ ಬೀದಿಯಲ್ಲಿ ಪಕ್ಕದ ಮನೆಯವನೂ ಡ್ರೈವರೇ ಮೇಡಂ, ವ್ಯತ್ಯಾಸ ಹೇಗೆ ಕಾಣುತ್ತೆ ಅಂದ. ಖುಷಿಯಾಯಿತು. ಕೊನೆಗೆ ಮತದಾರರ ಪಟ್ಟಿಯಿಂದ ವಯಸ್ಸು ನೋಡಿ ಚೀಟಿ ಎತ್ತೋಣ ಅಂತ ತೀರ್ಮಾನ ಆಗುವುದರಲ್ಲಿತ್ತು, ಚನ್ನರಾಯಪಟ್ಟಣದವಳು ತಡೆದಳು. "ನಮ್ಮೂರ ಪಟ್ಟಿಯಲ್ಲಿರೋ ಹುಡುಗರಲ್ಲಿ ಅರ್ಧ ಜನ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾರೆ ಮೇಡಂ. ಅವರು ಹಾಸನದ ಲೆಕ್ಕಕ್ಕಾ, ಬೆಂಗಳೂರಿನ ಲೆಕ್ಕಕ್ಕಾ?" ಬೆಲ್ ಹೊಡೆಯಿತು. ಮುಂದಿನ ವಾರಕ್ಕೆ ಎರಡೂ ಥರ ಪಟ್ಟಿ ಮಾಡಿಕೊಂಡು ಬನ್ನಿ ಅಂದಿದ್ದೇನೆ.